ನೀವು ಕೇಳಿದಿರಿ: ಪಟ್ಟೆ ಸುತ್ತಿಕೊಂಡ ದೀಪಸ್ತಂಭ

ಹೋದ ಸಂಚಿಕೆಯ ಹಿಂಬದಿಯಲ್ಲಿ ಒಂದು ದೀಪಸ್ತಂಭದ ಫೋಟೊ ಹಾಕಿದ್ದೆವು. ಬಿಳಿ ಗೋಪುರ, ಅದಕ್ಕೆ ಕಪ್ಪು ಪಟ್ಟೆ ಬಳ್ಳಿಯ ಹಾಗೆ ಸುತ್ತಿಕೊಂಡು ಮೇಲೆ ಹೋಗಿದೆ. ಕೆಳಗೆ ‘ಕೇಪ್ ಹ್ಯಾಟರಸ್ ದೀಪಸ್ತಂಭ, ಅಮೆರಿಕ’ ಅಂತ ಬಿಟ್ಟರೆ ಒಂದು ಸಾಲೂ ವಿವರ ಇರಲಿಲ್ಲ. ಅದಕ್ಕೇ ಇಷ್ಟು ಪ್ರಶ್ನೆ ಬಂದಿವೆ, ಕೆಲವು ಬೈಗುಳದ ಜೊತೆಗೇ. ಈ ಸಲ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಇದು ಅಮೆರಿಕದಲ್ಲಿ ಎಲ್ಲಿದೆ? ಸುತ್ತ ಬರೀ ಮರಳು ಕಾಣುತ್ತದೆ, ಬಂದರು ಇರುವ ಹಾಗೆ ಕಾಣುವುದಿಲ್ಲ. ಹಾಗಿದ್ದ ಮೇಲೆ ಇಷ್ಟು ದೊಡ್ಡ ದೀಪಸ್ತಂಭ ಅಲ್ಲಿ ಯಾಕೆ?

ಸರಿಯಾಗಿಯೇ ನೋಡಿದ್ದೀರಿ. ಇದು ಬಂದರಿಗೆ ದಾರಿ ತೋರಿಸುವ ದೀಪ ಅಲ್ಲ. ‘ಈ ಕಡೆ ಬರಬೇಡಿ’ ಅಂತ ಹೇಳುವ ದೀಪ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ನಾರ್ತ್ ಕ್ಯಾರೊಲಿನಾ ಅಂತ ರಾಜ್ಯ ಇದೆ. ಅದರ ಮುಂದೆ, ನೆಲದಿಂದ ಸ್ವಲ್ಪ ದೂರದಲ್ಲಿ, ಮರಳಿನ ದ್ವೀಪಗಳ ಒಂದು ತೆಳುವಾದ ಸಾಲು. ಹೆಸರು ಔಟರ್ ಬ್ಯಾಂಕ್ಸ್. ಆ ಸಾಲು ಒಂದು ಕಡೆ ಮೊಣಕೈ ಮಡಚಿದ ಹಾಗೆ ಕಡಲಿನೊಳಕ್ಕೆ ಚಾಚಿಕೊಂಡಿದೆ. ಆ ಮೊಣಕೈ ತುದಿಯೇ ಕೇಪ್ ಹ್ಯಾಟರಸ್. ಪಕ್ಕದಲ್ಲಿ ಬಕ್ಸ್‌ಟನ್ ಅನ್ನುವ ಸಣ್ಣ ಊರು.

ತೊಂದರೆ ಇರುವುದು ಕಣ್ಣಿಗೆ ಕಾಣುವ ಮರಳಿನಲ್ಲಿ ಅಲ್ಲ, ನೀರಿನ ಕೆಳಗಿನ ಮರಳಿನಲ್ಲಿ. ತುದಿಯಿಂದ ಮುಂದಕ್ಕೆ ಮೈಲಿಗಟ್ಟಲೆ ಮರಳು ದಿಬ್ಬಗಳಿವೆ, ಡೈಮಂಡ್ ಶೋಲ್ಸ್ ಅಂತ ಕರೆಯುತ್ತಾರೆ. ಅವು ಒಂದೇ ಕಡೆ ನಿಲ್ಲುವುದೂ ಇಲ್ಲ, ಬಿರುಗಾಳಿ ಬಂದಾಗೆಲ್ಲ ಸರಿಯುತ್ತವೆ. ಇನ್ನು ದಕ್ಷಿಣದಿಂದ ಬರುವ ಗಲ್ಫ್ ಸ್ಟ್ರೀಮ್ ಅನ್ನುವ ಬೆಚ್ಚಗಿನ ಪ್ರವಾಹವೂ ಉತ್ತರದಿಂದ ಇಳಿಯುವ ತಣ್ಣನೆಯ ನೀರೂ ಎದುರುಬದುರಾಗುವುದು ಇಲ್ಲೇ. ಹಾಯಿ ಹಡಗಿನ ಕಾಲದಲ್ಲಿ ದಕ್ಷಿಣಕ್ಕೆ ಹೋಗುವವರಿಗೆ ಗಲ್ಫ್ ಸ್ಟ್ರೀಮ್ ಎದುರು ಹೊಡೆತ. ಅದನ್ನು ತಪ್ಪಿಸಿಕೊಳ್ಳಬೇಕು ಅಂತ ದಡದ ಕಡೆ ಬಂದರೆ ಕೆಳಗೆ ಮರಳು ಕಾದಿರುತ್ತದೆ. ಆ ಕಡೆ ಪ್ರವಾಹ, ಈ ಕಡೆ ದಿಬ್ಬ, ನಡುವೆ ಇರುವ ಕಿರಿದಾದ ದಾರಿಯಲ್ಲಿ ಹಡಗು ನುಸುಳಬೇಕು, ಅದೂ ರಾತ್ರಿ ಹೊತ್ತು, ಅದೂ ಗಾಳಿ ಮಳೆಯಲ್ಲಿ. ‘ಅಟ್ಲಾಂಟಿಕ್‌ನ ಸ್ಮಶಾನ’ ಅಂತ ಈ ಜಾಗಕ್ಕೆ ಸುಮ್ನೆ ಹೆಸರು ಬಂದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರು ಮಾಡಿದ ‘ಮಾನಿಟರ್’ ಅನ್ನುವ ಕಬ್ಬಿಣದ ಯುದ್ಧನೌಕೆ 1862ರ ಡಿಸೆಂಬರ್ 31ರಂದು ಮುಳುಗಿದ್ದು ಈ ನೀರಿನಲ್ಲೇ. ಶತ್ರುವಿನ ಗುಂಡಿಗೆ ಜಗ್ಗದ ಹಡಗು ಅಲೆಗೆ ಸೋತಿತು. ಅದರ ಅವಶೇಷ ಸಿಕ್ಕಿದ್ದು 1973ರಲ್ಲಿ.

ಪ್ರಶ್ನೆ: ಪಟ್ಟೆ ಬಳಿದಿರುವುದು ಅಂದಕ್ಕಾ? ನನ್ನ ಮಗಳು ಫೋಟೊ ನೋಡಿ ‘ಇದು ಕ್ಯಾಂಡಿ ತರ ಇದೆ’ ಅಂದಳು.

ಮಗಳು ಹೇಳಿದ್ದು ಸರಿಯೇ. ಅಮೆರಿಕದವರು ಇದನ್ನು ಕ್ಷೌರದ ಅಂಗಡಿ ಮುಂದೆ ತಿರುಗುವ ಪಟ್ಟೆ ಕಂಬಕ್ಕೆ ಹೋಲಿಸುತ್ತಾರೆ. ಆದರೆ ಅಂದಕ್ಕೆ ಬಳಿದದ್ದಲ್ಲ. ಅದು ಗೋಪುರದ ಹೆಸರು. ದೂರದಿಂದ ಓದಲಿ ಅಂತ ಬರೆದ ಹೆಸರು ಅಂತಲೇ ಇಟ್ಟುಕೊಳ್ಳಿ.

ದೀಪಸ್ತಂಭ ಅಂದ ಕೂಡಲೇ ನಾವು ರಾತ್ರಿಯನ್ನೇ ನೆನೆಯುತ್ತೇವೆ ಅಲ್ವಾ. ಆದರೆ ಹಗಲು ಹೊತ್ತಲ್ಲೂ ಹಡಗಿನವರಿಗೆ ತಾವು ಎಲ್ಲಿದ್ದೇವೆ ಅಂತ ಗೊತ್ತಾಗಬೇಕು. ಈ ಕರಾವಳಿಯಲ್ಲಿ ಗುಡ್ಡ ಇಲ್ಲ, ಬಂಡೆ ಇಲ್ಲ, ನೂರಾರು ಮೈಲಿ ಒಂದೇ ತರದ ಮರಳಿನ ಗೆರೆ. ಹಡಗಿನಿಂದ ಕಾಣುವುದು ಗೋಪುರ ಒಂದೇ. ಆ ಗೋಪುರಗಳೂ ಹೆಚ್ಚು ಕಮ್ಮಿ ಒಂದೇ ಅಚ್ಚಿನವು: ಇಟ್ಟಿಗೆಯವು, ಎತ್ತರದವು, ಮೇಲೆ ಹೋಗುತ್ತಾ ಸಣ್ಣಗಾಗುವವು. ಯಾವುದು ಯಾವುದು ಅಂತ ಹೇಗೆ ಹೇಳುತ್ತೀರಿ?

ಹಾಗಾಗಿ 1873ರಲ್ಲಿ ಅಲ್ಲಿನ ದೀಪಸ್ತಂಭ ಮಂಡಳಿ ಒಂದೊಂದಕ್ಕೆ ಒಂದೊಂದು ವೇಷ ಹಾಕಿಸಿತು. ಹ್ಯಾಟರಸ್‌ಗೆ ಸುತ್ತು ಪಟ್ಟೆ. ದಕ್ಷಿಣದ ಕೇಪ್ ಲುಕ್‌ಔಟ್‌ಗೆ ಕಪ್ಪು ಬಿಳಿ ಚೌಕಳಿ, ಚೌಕಗಳು ಮೂಲೆಯ ಮೇಲೆ ನಿಂತ ಹಾಗೆ. ಉತ್ತರದ ಬಾಡಿ ಐಲೆಂಡ್‌ಗೆ ಅಡ್ಡ ಪಟ್ಟೆ. ಇನ್ನೂ ಉತ್ತರದಲ್ಲಿ 1875ರಲ್ಲಿ ಕಟ್ಟಿದ ಕರಿಟಕ್ ಗೋಪುರಕ್ಕೆ ಬಣ್ಣವೇ ಬೇಡ ಅಂತ ಬಿಟ್ಟರು, ಇವತ್ತಿಗೂ ಬರೀ ಕೆಂಪು ಇಟ್ಟಿಗೆ. ಬಣ್ಣ ಬಳಿಯದೆ ಇರುವುದೂ ಒಂದು ಗುರುತೇ, ಉಳಿದವರೆಲ್ಲ ಬಳಿದುಕೊಂಡಿದ್ದರೆ!

ಲುಕ್‌ಔಟ್‌ನವರ ಜಾಣತನ ಇನ್ನೂ ಒಂದು ಕೈ ಮೇಲೆ. ಅಲ್ಲಿ ಕಪ್ಪು ಚೌಕಗಳು ಉತ್ತರ ದಕ್ಷಿಣಕ್ಕೆ, ಬಿಳಿ ಚೌಕಗಳು ಪೂರ್ವ ಪಶ್ಚಿಮಕ್ಕೆ ಮುಖ ಮಾಡಿವೆ. ನಿಮ್ಮ ಎದುರಿಗೆ ಯಾವ ಬಣ್ಣ ಬಂತು ಅಂತ ನೋಡಿದರೆ ನೀವು ಗೋಪುರದ ಯಾವ ದಿಕ್ಕಿನಲ್ಲಿದ್ದೀರಿ ಅನ್ನುವುದೂ ತಿಳಿಯುತ್ತದೆ.

ಹ್ಯಾಟರಸ್ ಪಟ್ಟೆ ಸರಿಯಾಗಿ ನೋಡಬೇಕೆಂದರೆ ಆ ಫೋಟೊದಲ್ಲಿ ಬುಡದಿಂದ ಒಂದೇ ಕಪ್ಪು ಪಟ್ಟೆಯನ್ನು ಬೆರಳಿಂದ ಹಿಂಬಾಲಿಸಿ. ಸ್ವಲ್ಪ ಹೊತ್ತಿಗೇ ಅದು ಹಿಂದಕ್ಕೆ ಹೋಗಿ ಮರೆಯಾಗುತ್ತದೆ. ಆಮೇಲೆ ಇನ್ನೊಂದು ಪಕ್ಕದಿಂದ, ಮೇಲೆ, ಮತ್ತೆ ಬರುತ್ತದೆ. ಒಟ್ಟು ಇರುವುದು ನಾಲ್ಕೇ ಪಟ್ಟೆ: ಎರಡು ಕಪ್ಪು, ಎರಡು ಬಿಳಿ, ಒಂದೊಂದೂ ಗೋಪುರಕ್ಕೆ ಒಂದೂವರೆ ಸುತ್ತು ಹಾಕುತ್ತದೆ. ನೋಡಿದವರಿಗೆ ಏಳೆಂಟು ಇದ್ದ ಹಾಗೆ ಕಾಣುತ್ತದೆ, ನಾನೂ ಮೊದಲು ಹಾಗೇ ಎಣಿಸಿದ್ದೆ. ಬುಡಕ್ಕೆ ಪಟ್ಟೆ ಇಲ್ಲ. ಅಲ್ಲಿ ಎಂಟು ಮೂಲೆಯ ಕೆಂಪು ಇಟ್ಟಿಗೆ ಕಟ್ಟೆ, ಮೂಲೆಮೂಲೆಗೆ ಗ್ರಾನೈಟ್ ಕಲ್ಲು. ತುದಿಯಲ್ಲಿ ಕಪ್ಪು ಕಬ್ಬಿಣದ ದೀಪದ ಕೋಣೆ.

ರಾತ್ರಿಯ ಹೆಸರು ಬೇರೆ. ಈಗ ಹ್ಯಾಟರಸ್ ದೀಪ ಏಳೂವರೆ ಸೆಕೆಂಡಿಗೊಮ್ಮೆ ಮಿಂಚುತ್ತದೆ, ಲುಕ್‌ಔಟ್‌ನದು 15 ಸೆಕೆಂಡಿಗೊಮ್ಮೆ. ಕರಿಟಕ್ 3 ಸೆಕೆಂಡು ಉರಿದು 17 ಸೆಕೆಂಡು ಆರಿರುತ್ತದೆ. ಎಣಿಸಿದರೆ ಸಾಕು, ಊರು ಗೊತ್ತಾಯಿತು.

ಪ್ರಶ್ನೆ: ಬಣ್ಣ ಬಳಿಯುವವರು ಎರಡು ದೀಪಸ್ತಂಭಗಳನ್ನು ಅದಲು ಬದಲು ಮಾಡಿಬಿಟ್ಟರು, ಡೈಮಂಡ್ ಆಕಾರ ಡೈಮಂಡ್ ಶೋಲ್ಸ್ ಹತ್ತಿರದ ಹ್ಯಾಟರಸ್‌ಗೆ ಬರಬೇಕಿತ್ತು ಅಂತ ಒಂದು ವಿಡಿಯೊದಲ್ಲಿ ಕೇಳಿದೆ. ನಿಜವಾ?

ಕತೆ ಚೆನ್ನಾಗಿದೆ, ನಿಜ ಅಲ್ಲ. 1873ರ ಆದೇಶದಲ್ಲೇ ಹ್ಯಾಟರಸ್‌ಗೆ ಸುತ್ತು ಪಟ್ಟೆ, ಲುಕ್‌ಔಟ್‌ಗೆ ಚೌಕಳಿ ಅಂತ ಇದೆ. ಪಾಪ, ಬಣ್ಣದವರು ಹೇಳಿದಷ್ಟೇ ಮಾಡಿದ್ದಾರೆ.

ಪ್ರಶ್ನೆ: ಇದಕ್ಕಿಂತ ಮೊದಲು ಅಲ್ಲಿ ಏನೂ ಇರಲಿಲ್ಲವಾ?

ಇತ್ತು, ಆದರೆ ಇದ್ದೂ ಇಲ್ಲದ ಹಾಗೆ. 1794ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟಿತು, 1803ರಲ್ಲಿ ಮೊದಲ ದೀಪ ಹತ್ತಿತು. ಮರಳುಗಲ್ಲಿನ ಗೋಪುರ, 90 ಅಡಿ ಎತ್ತರ, ತಿಮಿಂಗಿಲದ ಎಣ್ಣೆಯ ದೀಪಗಳು, ಅವುಗಳ ಹಿಂದೆ ಪ್ರತಿಫಲಕಗಳು. ಎತ್ತರ ಸಾಲದು, ಬೆಳಕೂ ಸಾಲದು. ಆ ಕಾಲದಲ್ಲಿ ದೇಶದ ದೀಪಸ್ತಂಭಗಳೆಲ್ಲ ಸ್ಟೀಫನ್ ಪ್ಲೆಸಂಟನ್ ಅನ್ನುವ ಹಣಕಾಸು ಇಲಾಖೆಯ ಅಧಿಕಾರಿಯ ಕೈಯಲ್ಲಿದ್ದವು. ಅವರು ಲೆಕ್ಕದ ಮನುಷ್ಯ, ಕಡಲಿನ ಮನುಷ್ಯ ಅಲ್ಲ. ಫ್ರಾನ್ಸಿನಲ್ಲಿ, ದೀಪದ ಬೆಳಕನ್ನು ಒಟ್ಟುಗೂಡಿಸಿ ದೂರಕ್ಕೆ ಕಳಿಸುವ ಫ್ರೆನೆಲ್ ಮಸೂರ 1823ರಲ್ಲೇ ಕೆಲಸ ಶುರು ಮಾಡಿದ್ದರೂ, ದುಬಾರಿ ಅಂತ ಇಲ್ಲಿ ಹಳೆ ಪ್ರತಿಫಲಕಗಳಲ್ಲೇ ವರ್ಷಗಟ್ಟಲೆ ನಡೆಸಿದರು.

1851ರಲ್ಲಿ ಸರ್ಕಾರ ನಾವಿಕರನ್ನು ಕೇಳಿತು, ನಮ್ಮ ದೀಪಗಳು ಹೇಗಿವೆ ಅಂತ. ಡೇವಿಡ್ ಪೋರ್ಟರ್ ಅನ್ನುವ ನೌಕಾಪಡೆ ಅಧಿಕಾರಿ, ಆಗ ಅಂಚೆ ಸ್ಟೀಮರ್ ನಡೆಸುತ್ತಿದ್ದವರು, ಕೊಟ್ಟ ಉತ್ತರ ಇವತ್ತು ಓದಿದರೂ ನಗು ಬರುತ್ತದೆ. ನಮ್ಮ ಕರಾವಳಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ದೀಪ ಹ್ಯಾಟರಸ್, ಜಗತ್ತಿನಲ್ಲೇ ಎಲ್ಲಕ್ಕಿಂತ ಕೆಟ್ಟ ದೀಪವೂ ಅದೇ ಅಂದರು. ಮೊದಲ ಒಂಬತ್ತು ಸಲ ಹೋದಾಗ ದೀಪ ಕಾಣಲೇ ಇಲ್ಲವಂತೆ, ಎಷ್ಟೋ ಸಲ ದಿಬ್ಬದ ಮೇಲೆ ಅಲೆ ಒಡೆಯುವುದು ಕಾಣುವಷ್ಟು ಹತ್ತಿರ ಹೋಗಿದ್ದರೂ! ಕೊನೆಗೆ ಕಂಡಾಗಲೂ ಅದು ದೀಪಸ್ತಂಭವೋ ಬೇರೆ ಸ್ಟೀಮರಿನ ದೀಪವೋ ತಿಳಿಯಲಿಲ್ಲ, ಒಂದೇ ವ್ಯತ್ಯಾಸ ಅಂದರೆ ಸ್ಟೀಮರ್ ದೀಪ ಇದಕ್ಕಿಂತ ಜಾಸ್ತಿ ಬೆಳಕು.

ಇಂಥ ದೂರುಗಳಿಂದಲೇ 1852ರಲ್ಲಿ ದೀಪಸ್ತಂಭ ಮಂಡಳಿ ಹುಟ್ಟಿತು. ಅವರು ಹಳೆ ಗೋಪುರದ ಮೇಲೆ ಇನ್ನೂ 60 ಅಡಿ ಕಟ್ಟಿ 150 ಅಡಿ ಮಾಡಿದರು, ಮೇಲೆ ಕೆಂಪು ಕೆಳಗೆ ಬಿಳಿ ಬಳಿದರು, ಫ್ರೆನೆಲ್ ಮಸೂರ ಕೂರಿಸಿದರು. ಅಷ್ಟರಲ್ಲಿ ಅಂತರ್ಯುದ್ಧ. 1861ರಲ್ಲಿ ದಕ್ಷಿಣದ ಪಡೆಯವರು ಮಸೂರ ಬಿಚ್ಚಿಕೊಂಡು ಹೋದರು, ಶತ್ರು ಹಡಗಿಗೆ ದಾರಿ ಕಾಣದಿರಲಿ ಅಂತ. ಯುದ್ಧ ಮುಗಿದ ಮೇಲೆ ಹಳೆ ಗೋಪುರಕ್ಕೆ ಮತ್ತೆ ತೇಪೆ ಹಾಕುವುದಕ್ಕಿಂತ ಹೊಸದೇ ವಾಸಿ ಅಂತ ತೀರ್ಮಾನವಾಯಿತು. 1868ರಲ್ಲಿ ಕೆಲಸ ಶುರು, 1870ರ ಡಿಸೆಂಬರಿನಲ್ಲಿ ದೀಪ ಹತ್ತಿತು. ಹಳೆಯದನ್ನು ಮರುವರ್ಷ ಸಿಡಿಮದ್ದಿಟ್ಟು ಕೆಡವಿದರು.

ಪ್ರಶ್ನೆ: ನಾನು ಮನೆ ಕಟ್ಟಿಸುವ ಕೆಲಸದವನು. ಮರಳಿನ ಮೇಲೆ ಅಷ್ಟು ಎತ್ತರದ ಇಟ್ಟಿಗೆ ಗೋಪುರ ನಿಲ್ಲುವುದು ಹೇಗೆ? ಪಂಚಾಂಗಕ್ಕೆ ಏನು ಹಾಕಿದ್ದಾರೆ?

ಈ ಪ್ರಶ್ನೆ ಬಂದದ್ದು ಖುಷಿ ಆಯಿತು. ಉತ್ತರ ಕೇಳಿದರೆ ನಿಮಗೆ ಸಿಟ್ಟು ಬರಬಹುದು: ಮರ ಹಾಕಿದ್ದಾರೆ.

ಗೋಪುರದ ಎತ್ತರ ನೆಲದಿಂದ 198 ಅಡಿ, ಅಮೆರಿಕದ ಅತಿ ಎತ್ತರದ ಇಟ್ಟಿಗೆ ದೀಪಸ್ತಂಭ ಇದೇ. ಹನ್ನೆರಡೂವರೆ ಲಕ್ಷದಷ್ಟು ಇಟ್ಟಿಗೆ ಹಿಡಿದಿದೆ. ಗಟ್ಟಿ ನೆಲ ಸಿಗುವವರೆಗೆ ಅಗೆಯೋಣ ಅಂದರೆ ಅಲ್ಲಿ ಕೆಲವೇ ಅಡಿಗೆ ನೀರು. ಉಸ್ತುವಾರಿ ನೋಡುತ್ತಿದ್ದವರು ಡೆಕ್ಸ್‌ಟರ್ ಸ್ಟೆಟ್ಸನ್. ಅವರು ನೀರನ್ನು ತಡೆದು, ಗುಂಡಿಯಲ್ಲಿ ಹಳದಿ ಪೈನ್ ಮರದ ತೊಲೆಗಳನ್ನು ಒಂದು ಪದರ ಉದ್ದಕ್ಕೆ, ಅದರ ಮೇಲೆ ಇನ್ನೊಂದು ಪದರ ಅಡ್ಡಕ್ಕೆ ಜೋಡಿಸಿ, ಮೇಲೆ ಗ್ರಾನೈಟ್ ಇಟ್ಟು, ಆಮೇಲೆ ಇಟ್ಟಿಗೆ ಏರಿಸಿದರು. ನೀರು ಮತ್ತೆ ತುಂಬಿಕೊಂಡಿತು, ತುಂಬಿಕೊಳ್ಳಲಿ ಅಂತಲೇ ಲೆಕ್ಕ. ಮರ ಕೊಳೆಯಬೇಕಾದರೆ ಗಾಳಿ ಬೇಕು. ಒಮ್ಮೆ ಒದ್ದೆ ಒಮ್ಮೆ ಒಣ ಆದರೆ ಕೆಟ್ಟಿತು, ಸದಾ ನೀರಿನಲ್ಲೇ ಮುಳುಗಿದ್ದರೆ ಏನೂ ಆಗುವುದಿಲ್ಲ. ಮರಳೂ ಅಷ್ಟೇ, ಅಲುಗಾಡದೆ ಸುತ್ತಲಿಂದ ಬಿಗಿಯಾಗಿ ಕೂತಿದ್ದರೆ ಭಾರ ಹೊರುತ್ತದೆ. ನೂರಾ ಇಪ್ಪತ್ತೆಂಟು ವರ್ಷ ಗೋಪುರ ಹಾಗೇ ನಿಂತಿತ್ತು.

ಆದರೆ ಒಂದು ಷರತ್ತು. ಆ ಮರಳು ಅಲ್ಲೇ ಇರಬೇಕು, ಕಡಲು ಹತ್ತಿರ ಬರಬಾರದು.

ಪ್ರಶ್ನೆ: ಇಡೀ ದೀಪಸ್ತಂಭವನ್ನೇ ಎತ್ತಿ ಬೇರೆ ಕಡೆ ಇಟ್ಟರು ಅಂತ ಯಾರೋ ಹೇಳಿದರು. ನಂಬಲಾ ಬಿಡಲಾ?

ನಂಬಿ.

ಕಡಲು ಹತ್ತಿರ ಬಂತು. 1870ರಲ್ಲಿ ಗೋಪುರದಿಂದ ದಡಕ್ಕೆ 1,500 ಅಡಿ ಇತ್ತು. 1935ರ ಹೊತ್ತಿಗೆ 100 ಅಡಿ. ಇನ್ನು ಆಗುವುದಿಲ್ಲ ಅಂತ 1936ರಲ್ಲಿ ಗೋಪುರವನ್ನು ಬಿಟ್ಟು ಕಾಡಿನ ಕಡೆ ಒಂದು ಕಬ್ಬಿಣದ ಚೌಕಟ್ಟಿನ ಗೋಪುರಕ್ಕೆ ದೀಪ ಸಾಗಿಸಿದರು. ಹಳೆ ಗೋಪುರ ಖಾಲಿ ಬಿದ್ದಿದ್ದ ಕಾಲದಲ್ಲಿ ಜನ ಮಸೂರದ ಗಾಜುಗಳನ್ನು ಕಿತ್ತುಕೊಂಡು ಹೋದರು. ಮಸೂರದಲ್ಲಿ ಉಳಿದದ್ದು ಈಗ ಹ್ಯಾಟರಸ್ ಊರಿನ ಮ್ಯೂಸಿಯಮ್ಮಿನಲ್ಲಿದೆ. ಮರಳು ದಿಬ್ಬ ಕಟ್ಟಿ, ದಡ ಸ್ವಲ್ಪ ಅಗಲವಾದ ಮೇಲೆ 1950ರಲ್ಲಿ ದೀಪ ಮತ್ತೆ ಇಲ್ಲಿಗೇ ಬಂತು.

ಆಮೇಲೆ ಮತ್ತೆ ಅದೇ ಕಡಲಕೊರೆತ. 1970ಕ್ಕೆ 120 ಅಡಿ. ನೈಲಾನ್ ಮರಳು ಚೀಲ ಜೋಡಿಸಿದರು. ಕಡಲಿಗೆ ಅಡ್ಡ ಕಾಂಕ್ರೀಟ್ ಗೋಡೆ ಚಾಚಿದರು. ಪ್ಲಾಸ್ಟಿಕ್ಕಿನ ಕಡಲಪಾಚಿ ಕೂಡ ನೆಟ್ಟರು, ಅಲೆ ತಂದ ಮರಳನ್ನು ಅದು ಹಿಡಿದುಕೊಳ್ಳಲಿ ಅಂತ. 1980ರ ಬಿರುಗಾಳಿಗೆ 1803ರ ಗೋಪುರದ ಉಳಿದಿದ್ದ ಪಾಯವೂ ಕೊಚ್ಚಿಹೋಯಿತು. ಆ ದ್ವೀಪಗಳ ಸ್ವಭಾವವೇ ಅದು, ಕಡಲ ಕಡೆ ಕರಗುತ್ತಾ ಒಳಗಿನ ಕಡೆ ಸರಿಯುತ್ತವೆ. ಗೋಡೆ ಕಟ್ಟಿದರೆ ಒಂದು ಕಡೆ ಮರಳು ನಿಲ್ಲುತ್ತದೆ, ಇನ್ನೊಂದು ಕಡೆ ಇನ್ನೂ ಜೋರಾಗಿ ಕೊರೆಯುತ್ತದೆ. ದ್ವೀಪವೇ ಹಿಂದೆ ಸರಿಯುತ್ತಿರುವಾಗ ಗೋಪುರವನ್ನು ಮಾತ್ರ ನಿಲ್ಲಿಸಿಕೊಳ್ಳುವುದು ಹೇಗೆ?

1988ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಬಂತು: ಗೋಪುರವನ್ನೇ ಹಿಂದಕ್ಕೆ ಸರಿಸಿ. ಊರಿನಲ್ಲಿ ಜೋರು ವಿರೋಧ. ಎತ್ತಿದರೆ ಬಿರುಕು ಬಿಟ್ಟು ಬೀಳುತ್ತದೆ ಅಂತ ಹೆದರಿಕೆ, ಅದು ಹುಚ್ಚು ಹೆದರಿಕೆಯೂ ಅಲ್ಲ. ಸುಮಾರು 4,800 ಟನ್ ಇಟ್ಟಿಗೆ ಕಲ್ಲು, ಬಗ್ಗಿದರೆ ಸೀಳುವ ವಸ್ತು. ಹತ್ತು ವರ್ಷ ಬರೀ ವಾದದಲ್ಲೇ ಹೋಯಿತು.

ಕೊನೆಗೆ 1999ರಲ್ಲಿ ಕೆಲಸ ಆಯಿತು. ಬುಡದ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಕೊಯ್ದು ತೆಗೆಯುತ್ತಾ, ಖಾಲಿಯಾದ ಜಾಗಕ್ಕೆ ಕೂಡಲೇ ಉಕ್ಕಿನ ಆಸರೆ ಕೊಡುತ್ತಾ ಹೋದರು. ಕೊನೆಗೆ ಗೋಪುರ ಪೂರ್ತಿ ಉಕ್ಕಿನ ತೊಲೆಗಳ ಮೇಲೆ ಕೂತಿತು. ನೂರು ಹೈಡ್ರಾಲಿಕ್ ಜಾಕ್ ಇಟ್ಟು ಅದನ್ನು ಆರು ಅಡಿ ಮೇಲೆತ್ತಿದರು. ಕೆಳಗೆ ಉಕ್ಕಿನ ಹಳಿ, ಹಳಿಯ ಮೇಲೆ ಉರುಳೆಗಳು. ಹಿಂದಿನಿಂದ ಜಾಕ್‌ಗಳು ತಳ್ಳಬೇಕು: ಐದು ಅಡಿ ತಳ್ಳು, ನಿಲ್ಲಿಸು, ಜಾಕ್ ಮುಂದೆ ತಂದು ಕಟ್ಟು, ಮತ್ತೆ ಐದು ಅಡಿ. ಹಿಂದೆ ಬಿಟ್ಟ ಹಳಿ ಬಿಚ್ಚಿ ಮುಂದಕ್ಕೆ ಹಾಸು. ಹೋಗಬೇಕಾದದ್ದು 2,900 ಅಡಿ, ಅಂದರೆ ಸುಮಾರು 580 ಸಲ ಇದೇ ಕೆಲಸ. ಗೋಪುರದ ಮೈಮೇಲೆ 60 ಸೆನ್ಸರ್ ಕೂರಿಸಿ, ಎಷ್ಟು ವಾಲಿತು, ಎಷ್ಟು ಅದುರಿತು ಅಂತ ಹೊತ್ತೊತ್ತಿಗೂ ನೋಡುತ್ತಿದ್ದರು.

ಇದರಲ್ಲೆಲ್ಲ ನನಗೆ ತುಂಬಾ ಇಷ್ಟವಾದದ್ದು ಹಳಿ ಜಾರಲಿ ಅಂತ ಅವರು ಉಜ್ಜಿದ್ದು ಏನು ಅನ್ನುವುದು. ಸ್ನಾನದ ಸೋಪು! ಅಂಗಡಿಯಲ್ಲಿ ಸಿಗುವ ಬಿಳಿ ಸೋಪಿನ ಬಿಲ್ಲೆ. ಕಂಪ್ಯೂಟರು, ಸೆನ್ಸರು, ನೂರು ಜಾಕು ಎಲ್ಲ ಇದ್ದು, ಕೆಳಗೆ ಒಬ್ಬ ಆಳು ಸೋಪು ಹಿಡಿದು ಹಳಿ ತಿಕ್ಕುತ್ತಿದ್ದಾನೆ.

ಜೂನ್ 17ಕ್ಕೆ ಹೊರಟ ಗೋಪುರ ಜುಲೈ 9ಕ್ಕೆ ಹೊಸ ಜಾಗ ಮುಟ್ಟಿತು. 23 ದಿನ. ಸರಾಸರಿ ನೋಡಿದರೆ ದಿನಕ್ಕೆ 126 ಅಡಿ, ಕಣ್ಣಿಟ್ಟು ನೋಡಿದರೂ ನಡೆಯುತ್ತಿದೆ ಅಂತ ಅನಿಸುವುದು ಕಷ್ಟ. ಆದರೂ ನೋಡಲು ಜಾತ್ರೆಯಷ್ಟು ಜನ ಸೇರಿದ್ದರು. ಕಾವಲುಗಾರರ ಮನೆಗಳು, ಎಣ್ಣೆ ಕೋಣೆ, ನೀರಿನ ತೊಟ್ಟಿಗಳನ್ನು ಅದಕ್ಕೂ ಮೊದಲೇ ಸಾಗಿಸಿ, ಮೊದಲು ಯಾವ ಯಾವ ದಿಕ್ಕಿನಲ್ಲಿದ್ದವೋ ಹಾಗೇ ಜೋಡಿಸಿದ್ದರು. ಗೋಪುರ ಬಂದು ಮಧ್ಯೆ ನಿಂತಿತು. ಈ ಸಲ ಕೆಳಗೆ ಮರದ ತೊಲೆ ಅಲ್ಲ, ಕಾಂಕ್ರೀಟ್ ಹಾಸು. ನವೆಂಬರ್ 13ರಂದು ದೀಪ ಮತ್ತೆ ಹತ್ತಿತು. ಖರ್ಚು ಸುಮಾರು 1 ಕೋಟಿ 18 ಲಕ್ಷ ಡಾಲರ್. ಕಡಲಿಗೂ ಗೋಪುರಕ್ಕೂ ನಡುವೆ 1,600 ಅಡಿ ಇರುವಂತೆ ಹೊಸ ಜಾಗ ಆರಿಸಿದ್ದರು, ಅಂದರೆ ಹೆಚ್ಚು ಕಮ್ಮಿ 1870ರಲ್ಲಿದ್ದಷ್ಟೇ.

ಪ್ರಶ್ನೆ: ಒಳಗೆ ಹತ್ತಲು ಬಿಡುತ್ತಾರಾ? ಎಷ್ಟು ಮೆಟ್ಟಿಲು?

ಜನರಿಗೆ ಹತ್ತಲು ಇರುವುದು 257 ಮೆಟ್ಟಿಲು, ಗೋಡೆಗಂಟಿ ಸುತ್ತುವ ಕಬ್ಬಿಣದ ಮೆಟ್ಟಿಲು, ಹನ್ನೆರಡು ಮಹಡಿ ಹತ್ತಿದಷ್ಟು. ಲಿಫ್ಟ್ ಇಲ್ಲ. 1934ರಲ್ಲಿ ಕರೆಂಟು ಬರುವ ತನಕ ಕಾವಲುಗಾರರು ಎಣ್ಣೆ ಹೊತ್ತುಕೊಂಡು ಹತ್ತುತ್ತಿದ್ದದ್ದು ಇದನ್ನೇ. ಮಸೂರ ತಿರುಗಲು ಗಡಿಯಾರದ ಹಾಗೆ ತೂಕದ ಗುಂಡು ಕಟ್ಟಿದ್ದರು, ಅದು ಇಳಿದಾಗೆಲ್ಲ ಕೈಯಿಂದ ಸುತ್ತಿ ಮೇಲೆತ್ತಬೇಕಿತ್ತು. ರಾತ್ರಿಯಿಡೀ.

2024ರಲ್ಲಿ ಗೋಪುರದ ದೊಡ್ಡ ದುರಸ್ತಿ ಶುರುವಾಗಿದೆ. ಹಾಗಾಗಿ ಆ ಕಡೆ ಹೋಗುವವರು ಹತ್ತಲು ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿಕೊಂಡು ಹೊರಡಿ. ಅಷ್ಟು ದೂರ ಹೋಗಿ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡು ಬರುವುದು ಬೇಜಾರು.

ಪ್ರಶ್ನೆ: ಗೋಪುರ ಹೋದ ಮೇಲೆ ಹಳೆ ಜಾಗದಲ್ಲಿ ಈಗ ಏನಿದೆ?

ಮರಳು. ಗೋಪುರ ಸಾಗಿಸಿದ ಮೇಲೆ ಅದರ ಪಾಯದ ಗ್ರಾನೈಟ್ ಕಲ್ಲುಗಳನ್ನು ಅಲ್ಲೇ ಸುತ್ತಲೂ ವೃತ್ತವಾಗಿ ಇಟ್ಟು, ಅಲ್ಲಿ ದೀಪ ಕಾದ 83 ಕಾವಲುಗಾರರ ಹೆಸರನ್ನು ಕೆತ್ತಿದ್ದರು. ಗೋಪುರ ಎಲ್ಲಿತ್ತು ಅಂತ ಬಂದವರಿಗೆ ಗೊತ್ತಾಗಲಿ ಅಂತ. ಆದರೆ ಪ್ರತಿ ಬಿರುಗಾಳಿಗೂ ಅಲೆ ಒಳಗೆ ನುಗ್ಗಿ ಕಲ್ಲುಗಳು ಮರಳಿನಲ್ಲಿ ಹೂತುಹೋಗತೊಡಗಿದವು. ಕೆಲವು ವರ್ಷ ನೋಡಿದರು. ಆಮೇಲೆ ಆ ಕಲ್ಲುಗಳನ್ನೂ ಎತ್ತಿಕೊಂಡು, ಗೋಪುರ ಹೋದ ಕಡೆಗೇ ಸಾಗಿಸಿದರು. ಈಗ ಬಂದವರು ಆ ಹೆಸರುಗಳ ಮೇಲೆಯೇ ಕೂತು ಗೋಪುರ ನೋಡುತ್ತಾರೆ.